ಪರಿಹಾರದ ಪಟ್ಟಿಗೆ ಕಾಲೊನಿಯ ಹೆಸರು ಸೇರಿದ ಕಥೆ

ಕಾರ್ಖಾನೆಗಳ ಕೊಳಕು ನೀರಿನಿಂದ ಆದ ನಷ್ಟಕ್ಕೆ ಹೋದ ತಿಂಗಳು ನಮ್ಮೂರಿನ ಎರಡನೇ ಪಟ್ಟಿಯವರಿಗೂ ಪರಿಹಾರದ ಹಣ ಬ್ಯಾಂಕ್ ಖಾತೆಗೆ ಬಿತ್ತು. ವರ್ಷಗಟ್ಟಲೆಯ ತಲೆನೋವು ಒಂದು ಮಟ್ಟಿಗೆ ಮುಗಿಯಿತು. ಈಗ ನಮ್ಮಂಥದೇ ಊರುಗಳಿಂದ ಪರಿಚಯದವರ ಪರಿಚಯದವರು ಫೋನ್ ಮಾಡಿ 'ಎಲ್ಲಿಂದ ಶುರು ಮಾಡೋದು' ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು. ಊರಿನ ಹೆಸರು, ಕಾರ್ಖಾನೆಗಳ ಹೆಸರು ಹಾಕಿಲ್ಲ. ಕೆಲವು ವಿಷಯ ಇನ್ನೂ ಪರಿಸರದ ಕೇಸುಗಳನ್ನು ನಡೆಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿವೆ.

ನನ್ನದು ಹೋಬಳಿಯಲ್ಲಿ ಜೆರಾಕ್ಸ್, ಟೈಪಿಂಗ್ ಅಂಗಡಿ. ವಕೀಲನಲ್ಲ, ಹೋರಾಟಗಾರನೂ ಅಲ್ಲ. ಅರ್ಜಿ ಟೈಪ್ ಮಾಡಿಸಲು ಬಂದವರ ಜೊತೆ ಮಾತಾಡುತ್ತಾ ಮಾತಾಡುತ್ತಾ ನಾನೂ ಸಿಕ್ಕಿಹಾಕಿಕೊಂಡೆ.

ನಮ್ಮೂರಿನ ಮೇಲ್ಗಡೆ ಕೈಗಾರಿಕಾ ಪ್ರದೇಶವಿದೆ. ಲೋಹದ ಬಿಡಿಭಾಗಗಳಿಗೆ ಕ್ರೋಮ್ ಲೇಪಿಸುವ ಸಣ್ಣ ಪ್ಲೇಟಿಂಗ್ ಘಟಕಗಳೇ ಜಾಸ್ತಿ. ಅಲ್ಲಿಂದ ಇಳಿಯುವ ರಾಜಕಾಲುವೆ ಮೊದಲು ಪರಿಶಿಷ್ಟ ಜಾತಿಯವರ ಕಾಲೊನಿ ಪಕ್ಕ ಹಾಯುತ್ತದೆ. ಆಮೇಲೆ ತೆಂಗಿನ ತೋಟಗಳು, ಕೊನೆಗೆ ಕೆರೆ. ಈ ಸಾಲು ನೆನಪಿರಲಿ. ಕೊಳಕು ನೀರು ಮೊದಲು ಮುಟ್ಟಿದ್ದು ಕಾಲೊನಿಯನ್ನು. ಪರಿಹಾರದ ಪಟ್ಟಿ ಮೊದಲು ಮುಟ್ಟಿದ್ದು ತೋಟಗಳನ್ನು.

ಕಾಲೊನಿಯ ಬೋರ್‌ವೆಲ್ ನೀರು ಯಾವಾಗಿನಿಂದ ಹಳದಿಯಾಯಿತು ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಬಿಳಿ ಬಕೆಟ್‌ನಲ್ಲಿ ಹಿಡಿದರೆ ಮಾತ್ರ ಕಾಣುವಷ್ಟು ತೆಳು ಬಣ್ಣ. ಸ್ಟೀಲ್ ಬಿಂದಿಗೆಯಲ್ಲಿ ಕಾಣುವುದೇ ಇಲ್ಲ. ಹೆಂಗಸರು ಕುದಿಸಿ ಆರಿಸಿ ಮಕ್ಕಳಿಗೆ ಕೊಡುತ್ತಿದ್ದರು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಕ್ರೋಮ್ ಲೇಪನದ ಕೊಳಕಿನಿಂದ ಬರುವ ಕ್ರೋಮಿಯಂ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಇದನ್ನು ಅವರಿಗೆ ಹೇಳುವವರು ಯಾರೂ ಇರಲಿಲ್ಲ.

ಮೊದಲ ದೂರು ಎಲ್ಲರೂ ಕೊಡುವ ಹಾಗೆ ಬಾಯಿಮಾತಿನಲ್ಲಿ, ಫೋನಿನಲ್ಲಿ ಹೋಯಿತು. 'ನೋಡ್ತೀವಿ' ಅಂದರು. ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಲೆಕ್ಕವಿಲ್ಲ. ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲು, ನಂಬರು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳ ಬೇಡ, ಸುಮ್ನೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಈ ಸೀಲಿನ ದಿನಾಂಕಕ್ಕೆ ಮುಂದೆ ಎಷ್ಟು ಬೆಲೆ ಬರುತ್ತದೆ ಅಂತ ಆಮೇಲೆ ಹೇಳುತ್ತೇನೆ.

ದೂರಿನ ಮೇಲೆ ಅಧಿಕಾರಿಗಳು ಬಂದರು. ಆದರೆ ಮಟಮಟ ಮಧ್ಯಾಹ್ನ, ಬಿಸಿಲಿನಲ್ಲಿ. ನೀರು ಬಿಡುತ್ತಿದ್ದದ್ದು ಮಳೆ ಬಂದ ರಾತ್ರಿಗಳಲ್ಲಿ. ಒಣಗಿದ ಕಾಲುವೆ ನೋಡಿ 'ಏನೂ ಇಲ್ವಲ್ರೀ, ಯಾರು ಬಿಟ್ಟಿದ್ದು ಅಂತ ಪ್ರೂಫ್ ಇದೆಯಾ?' ಅಂದರು. ಅಲ್ಲಿಂದ ಹುಡುಗರು ಫೋನಿನಲ್ಲಿ ದಿನಾಂಕ, ಸಮಯ, ಜಾಗ ಮೂರೂ ಅಚ್ಚಾಗುವ ಆ್ಯಪ್ ಹಾಕಿಕೊಂಡು ಫೋಟೊ ತೆಗೆಯಲು ಶುರು ಮಾಡಿದರು. ಬರೀ ನೊರೆಯ ಫೋಟೊ ಸಾಲದು. ಯಾವ ಕಾಂಪೌಂಡಿನ ಯಾವ ಪೈಪಿನಿಂದ ಬರುತ್ತಿದೆ ಅಂತ ಒಂದೇ ಚಿತ್ರದಲ್ಲಿ ಕಾಣಬೇಕು.

ಜೊತೆಗೆ ನಾವೇ ನೀರಿನ ಪರೀಕ್ಷೆ ಮಾಡಿಸಿದೆವು. ಇಲ್ಲಿ ದುಡ್ಡು ಸುಮ್ನೆ ಹಾಳು ಮಾಡಿಕೊಳ್ಳುವವರು ಬಹಳ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೇ ಹೋಗಿ, ಮತ್ತು ನಿಮಗೆ ಬೇಕಾದ ಲೋಹದ ಪರೀಕ್ಷೆಗೆ ಆ ಮಾನ್ಯತೆ ಇದೆಯೇ ಅಂತ ಕೇಳಿ. 'ಕುಡಿಯುವ ನೀರಿನ ಟೆಸ್ಟ್' ಅಂತ ಕೊಟ್ಟರೆ ಗಡಸುತನ, ಕ್ಲೋರೈಡ್ ನೋಡಿ ಕಳಿಸಿಬಿಡುತ್ತಾರೆ. ಲೋಹಗಳ ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಒಂದೊಂದು ಸ್ಯಾಂಪಲ್‌ಗೂ ಸಾವಿರಗಳ ಲೆಕ್ಕದಲ್ಲಿ ಖರ್ಚಾಗುತ್ತದೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದವರು ಮನೆ ಮನೆಯಿಂದ ಎತ್ತಿದರು. ಬಾಟಲಿ ಪ್ರಯೋಗಾಲಯದವರದೇ ಇರಲಿ. ಲೋಹದ ಪರೀಕ್ಷೆಗೆ ಅವರು ಬಾಟಲಿಗೆ ಒಂಚೂರು ನೈಟ್ರಿಕ್ ಆಮ್ಲ ಹಾಕುತ್ತಾರೆ, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಫಲಿತಾಂಶ ಕಡಿಮೆ ಬರುತ್ತದೆ. ಮೋಟರು ಹಾಕಿ ಸ್ವಲ್ಪ ಹೊತ್ತು ನೀರು ಹರಿಯಲು ಬಿಟ್ಟು ಆಮೇಲೆ ಹಿಡಿಯಿರಿ.

ಕುಡಿಯುವ ನೀರಿಗೆ ನಮ್ಮಲ್ಲಿರುವ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ 0.05 ಮಿಲಿಗ್ರಾಂಗಿಂತ ಜಾಸ್ತಿ ಕ್ರೋಮಿಯಂ ಇರುವಂತಿಲ್ಲ. 'ಬೇರೆ ನೀರು ಇಲ್ಲದಿದ್ದರೆ ಪರವಾಗಿಲ್ಲ' ಎಂಬ ರಿಯಾಯಿತಿ ಗಡಸುತನಕ್ಕೆ ಉಂಟು, ಕ್ರೋಮಿಯಂಗೆ ಇಲ್ಲ. ನಮ್ಮ ವರದಿಯಲ್ಲಿ ಅದು ಹಲವು ಪಟ್ಟು ಮೀರಿತ್ತು. ವರದಿ ಹಿಡಿದುಕೊಂಡು ಅಂಗಡಿಗೆ ಬಂದ ಒಬ್ಬ ಅಜ್ಜಿ 'ಇದರಲ್ಲಿ ನಮ್ಮ ನೀರು ಪಾಸಾ ಫೇಲಾ ಅಷ್ಟು ಹೇಳಪ್ಪ' ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ಇವತ್ತು ಎಲ್ಲಿಂದ ತರೋದು?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಮಾತು ತಿಳಿದಿರಲಿ. ಖಾಸಗಿ ವರದಿಯಿಂದ ಕಾರ್ಖಾನೆಯ ಮೇಲೆ ತಪ್ಪು ಸಾಬೀತಾಗುವುದಿಲ್ಲ. 1974ರ ಜಲ ಕಾಯ್ದೆಯ 21ನೇ ಕಲಮಿನಲ್ಲಿ ಕಾರ್ಖಾನೆಯ ತ್ಯಾಜ್ಯನೀರನ್ನು ಹೇಗೆ ಹಿಡಿಯಬೇಕು ಅಂತ ಬರೆದಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನೋಟಿಸ್ ಕೊಟ್ಟು ಹಿಡಿಯಬೇಕು, ಎರಡು ಭಾಗ ಮಾಡಿ ಮೊಹರು ಹಾಕಬೇಕು. ಹಾಗೆ ಹಿಡಿಯದ ಸ್ಯಾಂಪಲ್ ಆ ಕಾಯ್ದೆಯ ಕೇಸಿನಲ್ಲಿ ನಿಲ್ಲುವುದಿಲ್ಲ. ನಮ್ಮ ವರದಿಯ ಕೆಲಸ 'ನೀವು ಬಂದು ಪರೀಕ್ಷೆ ಮಾಡಿ' ಅಂತ ಒತ್ತಾಯಿಸುವುದಷ್ಟೇ. ಅದಕ್ಕೆ ಅದು ಸಾಕು.

ಆಮೇಲೆ ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಪ್ರತಿ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ನಾವು ಬೇರೆ ಬೇರೆಯಾಗಿ ಕೇಳಿದ್ದು ಇವು: ಪ್ರತಿ ಘಟಕಕ್ಕೆ ಕೆಲಸ ನಡೆಸಲು ಮಂಡಳಿ ಕೊಟ್ಟ ಅನುಮತಿ, ಅಂದರೆ ಕಾರ್ಯಾಚರಣೆ ಸಮ್ಮತಿ ಪತ್ರ, ಕಳೆದ ಕೆಲವು ವರ್ಷಗಳ ತಪಾಸಣಾ ವರದಿ, ಕೊಟ್ಟ ನೋಟಿಸುಗಳು, ಕೊಳಕು ನೀರನ್ನು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಸಾಗಿಸಿದ ಟ್ಯಾಂಕರ್ ಲೆಕ್ಕ.

30 ದಿನ ಕಾದರೆ ಒಂದು ಕಚೇರಿಯಿಂದ 'ಕಡತ ಲಭ್ಯವಿರುವುದಿಲ್ಲ' ಎಂಬ ಹಿಂಬರಹ ಬಂತು. ಮೇಲ್ಮನವಿ ಹಾಕಿದೆವು. ಮೇಲ್ಮನವಿ ಹೋದ ಮೇಲೆ ಇಲ್ಲದ ಕಡತ ಸಿಕ್ಕಿತು! ಮೊದಲನೇ ಮೇಲ್ಮನವಿಗೆ ಶುಲ್ಕವಿಲ್ಲ, ಉತ್ತರ ಬಂದ 30 ದಿನದೊಳಗೆ ಹಾಕಬೇಕು. ಬಹಳ ಜನ ಹಿಂಬರಹ ನೋಡಿ ಕೈಚೆಲ್ಲುತ್ತಾರೆ. ಅಲ್ಲಿ ನಿಲ್ಲಬೇಡಿ.

ಆ ಟ್ಯಾಂಕರ್ ಲೆಕ್ಕವೇ ನಮ್ಮ ಕೇಸಿನ ಜೀವ. ಸಮ್ಮತಿ ಪತ್ರದಲ್ಲಿ ದಿನಕ್ಕೆ ಇಷ್ಟು ಸಾವಿರ ಲೀಟರ್ ತ್ಯಾಜ್ಯನೀರು, ಅದೆಲ್ಲ ಟ್ಯಾಂಕರಿನಲ್ಲಿ ಹೋಗಬೇಕು ಅಂತ ಇದೆ. ಲೆಕ್ಕದಲ್ಲಿ ತಿಂಗಳಿಗೆ ಬೆರಳೆಣಿಕೆಯ ಟ್ಯಾಂಕರು. ಮಳೆಗಾಲದಲ್ಲಿ ಕೆಲವು ಘಟಕಗಳದ್ದು ಪೂರ್ತಿ ಖಾಲಿ. ಕೆಲಸ ಮಾತ್ರ ಮೂರು ಪಾಳಿ. ಉಳಿದ ನೀರು ಎಲ್ಲಿಗೆ ಹೋಯಿತು ಅಂತ ಕೂಡಿ ಕಳೆಯಲು ಬಂದವರೆಲ್ಲ ಹೇಳಬಹುದು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕು ಅಂದಾಗ ಊರಲ್ಲಿ ಅರ್ಧ ಜನಕ್ಕೆ ಭಯ, ಅರ್ಧ ಜನಕ್ಕೆ ಆಸೆ. ಕರ್ನಾಟಕದ ಕೇಸುಗಳು ಚೆನ್ನೈನ ದಕ್ಷಿಣ ವಲಯ ಪೀಠಕ್ಕೆ ಹೋಗುತ್ತವೆ. ಅರ್ಜಿ ಆನ್‌ಲೈನಲ್ಲೇ ಸಲ್ಲಿಸಬಹುದು, ವಿಚಾರಣೆಯನ್ನೂ ವಿಡಿಯೊದಲ್ಲಿ ನೋಡಬಹುದು. ಬಸ್ಸು, ಲಾಡ್ಜ್ ಖರ್ಚಿಗೆ ಹೆದರಿ ಕೂರಬೇಡಿ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಸೇರಿಸಬೇಕು. ಅಫಿಡವಿಟ್, ನೋಟರಿ, ಪುಟಗಳಿಗೆ ನಂಬರು, ಇವಕ್ಕೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಶುಲ್ಕದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ. ಇಷ್ಟು ಪರಿಹಾರ ಬೇಕು ಅಂತ ಮೊತ್ತ ಬರೆದರೆ ಆ ಮೊತ್ತದ ಶೇಕಡ 1. ನಮ್ಮೂರಿನ ಮುಖಂಡರೊಬ್ಬರು 'ಹತ್ತು ಕೋಟಿ ಹಾಕ್ರಿ, ಕೇಳೋದರಲ್ಲಿ ಏನು ಹೋಗುತ್ತೆ' ಅಂದರು. ಹತ್ತು ಲಕ್ಷ ಶುಲ್ಕ ಹೋಗುತ್ತೆ! ವಕೀಲರು 'ನಷ್ಟವನ್ನು ಅಂದಾಜು ಮಾಡಿಸಿ, ಪರಿಹಾರ ಕೊಡಿಸಲು ಆದೇಶಿಸಬೇಕು' ಅಂತ ಕೋರಿಕೆ ಬರೆದರು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಮಾಫಿಯೂ ಇದೆ.

ವಕೀಲರ ವಿಷಯ. ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಕಾಲೊನಿಯ ಇಬ್ಬರು ಹೆಂಗಸರು ಅರ್ಜಿದಾರರಾದರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು, ಕೇಸಿನ ಕಾಗದ ತಯಾರಿಸಲು ವಕೀಲರು ಸಿಕ್ಕರು.

ಕಾಲಮಿತಿ ಇನ್ನೊಂದು ಗಂಡಾಂತರ. ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಡಿ ವ್ಯಾಜ್ಯಕ್ಕೆ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು. ಸಕಾರಣವಿದ್ದರೆ ಇನ್ನು 60 ದಿನ. ಪರಿಹಾರ ಮತ್ತು ಪರಿಸರ ಸರಿಪಡಿಸುವ ಕೋರಿಕೆಗೆ 15ನೇ ಕಲಮಿನಲ್ಲಿ 5 ವರ್ಷ ಇದೆ. 'ಹತ್ತು ವರ್ಷದಿಂದ ಹೀಗೇ ಇದೆ ಸ್ವಾಮಿ' ಅಂತ ಅಳಲು ತೋಡಿಕೊಳ್ಳುವುದು ಸಹಜ, ಆದರೆ ಅರ್ಜಿಯಲ್ಲಿ ಅದನ್ನು ಹೇಗೆ ಬರೆಯಬೇಕು ಎಂಬುದನ್ನು ವಕೀಲರಿಗೇ ಬಿಡಿ.

ವಿಚಾರಣೆಯ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಟ್ಟಿಯಲ್ಲಿ ನಮ್ಮ ನಂಬರ್ ಬರುವ ತನಕ ಲ್ಯಾಪ್‌ಟಾಪ್ ಮುಂದೆ ಕಾಯುವುದು, ನಾಲ್ಕು ಮಾತು, ಮುಂದಿನ ತಾರೀಖು. ಕೂಲಿ ಬಿಟ್ಟು ಅಂಗಡಿಗೆ ಬಂದು ಕೂತವರಿಗೆ 'ಇಷ್ಟೇನಾ?' ಅನ್ನಿಸುತ್ತಿತ್ತು. ಆದರೆ ಆ ನಾಲ್ಕು ಮಾತಿನಲ್ಲೇ ಜಂಟಿ ಸಮಿತಿಯ ಆದೇಶವಾಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು, ರಾಜ್ಯ ಮಂಡಳಿಯವರು, ಡಿಸಿ ಕಡೆಯವರು ಸೇರಿ ಸ್ಥಳ ನೋಡಿ ವರದಿ ಕೊಡಬೇಕು ಅಂತ.

ಸಮಿತಿ ಬಂದ ದಿನ ಜೀಪುಗಳು ಟಾರು ರಸ್ತೆಯಲ್ಲೇ ನಿಂತವು. ಅಲ್ಲಿಂದ ಕಾಣುವುದು ಕಾರ್ಖಾನೆಗಳ ಮುಂದಿನ ಹುಲ್ಲುಹಾಸು ಮಾತ್ರ. ಕಾಲೊನಿಯ ಹೆಂಗಸರು ಮುಂದೆ ನಿಂತು 'ಹಿಂದ್ಗಡೆ ಬನ್ನಿ ಸಾರ್' ಅಂತ ಕರೆದುಕೊಂಡು ಹೋದರು. ಬೋರ್‌ವೆಲ್ ಹತ್ತಿರ ಮೋಟರು ಹಾಕಿ ಗಡಿಯಾರ ನೋಡುತ್ತಾ ನಿಂತರು. ಬಾಟಲಿಗೆ ಹಿಡಿದಾಗ ಒಬ್ಬ ಅಧಿಕಾರಿ 'ಕ್ಲಿಯರ್ ಇದೆಯಲ್ಲ' ಅಂದರು. ನನ್ನ ಕೈಯಲ್ಲಿ ದೂರುಗಳ ಫೈಲಿತ್ತು. ಒಂದು ಖಾಲಿ ಎ4 ಹಾಳೆ ತೆಗೆದು ಬಾಟಲಿಯ ಹಿಂದೆ ಹಿಡಿದೆ. ನಿಂಬೆ ಶರಬತ್ತಿನಷ್ಟು ಹಳದಿ. ಅವರು ಹಾಳೆ ಇಸಿದುಕೊಂಡು, ತಾವೇ ಇನ್ನೊಂದು ಸಲ ಹಿಡಿದು ನೋಡಿ, ಬಾಟಲಿಯ ಜೊತೆ ಫೋಟೊ ತೆಗೆಸಿದರು. ಸಮಿತಿ ಹೋಗುವ ಮುನ್ನ ಮಹಜರಿಗೆ ಸಹಿ ಕೇಳುತ್ತಾರೆ. ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬೇಡಿ. ಯಾವ ಯಾವ ಜಾಗದಲ್ಲಿ ಸ್ಯಾಂಪಲ್ ತೆಗೆದರು ಎಂಬುದು ಅದರಲ್ಲಿ ಇರಲೇಬೇಕು.

ಆದೇಶ ಬಂದಾಗ ಅದರಲ್ಲಿ ನಾವು ಕೇಳಿದ್ದೆಲ್ಲ ಬಹುಮಟ್ಟಿಗೆ ಇತ್ತು. ನಿಯಮ ಮೀರಿದ ಘಟಕಗಳು ಸರಿಪಡಿಸಿಕೊಳ್ಳುವ ತನಕ ಬಂದ್. ಊರಿಗೆ ಬೇರೆ ಕುಡಿಯುವ ನೀರು. ಘಟಕಗಳಿಂದ ಪರಿಸರ ಪರಿಹಾರ ವಸೂಲಿ. ಜನರ ನಷ್ಟದ ಸರ್ವೆ. 20ನೇ ಕಲಮಿನ 'ಹಾಳು ಮಾಡಿದವನೇ ತೆರಬೇಕು' ಎಂಬ ತತ್ವವನ್ನೂ ಬರೆದಿದ್ದರು. ಊರಲ್ಲಿ ಪಟಾಕಿ ಹೊಡೆದರು. ವಕೀಲರು ಮಾತ್ರ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಕೇಸು ನೆನಪಿಸಿದರು. ರಾಸಾಯನಿಕ ಕಾರ್ಖಾನೆಗಳಿಂದ ಬಾವಿಗಳು ಕೆಟ್ಟ ಆ ಊರಿನ ಪರವಾಗಿ ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿತ್ತು. ಹಣ ಕಟ್ಟದೆ ಎಳೆದಾಡಿದವರಿಗೆ ಬಡ್ಡಿ ಸಮೇತ ಕಟ್ಟಿ ಅಂತ 2011ರಲ್ಲಿ ಮತ್ತೆ ಹೇಳಬೇಕಾಯಿತು.

ಇಲ್ಲಿ ಎರಡು ದುಡ್ಡಿನ ವ್ಯತ್ಯಾಸ ತಿಳಿಯಿರಿ. ಪರಿಸರ ಪರಿಹಾರ ಅಂತ ಮಂಡಳಿ ವಸೂಲು ಮಾಡುವುದು ನೇರವಾಗಿ ನಿಮ್ಮ ಕೈಗೆ ಬರುವುದಿಲ್ಲ. ಅದಕ್ಕೆ ಕೇಂದ್ರ ಮಂಡಳಿಯ ಸೂತ್ರವಿದೆ. ಮಾಲಿನ್ಯ ಸೂಚ್ಯಂಕ, ಉಲ್ಲಂಘನೆಯ ದಿನಗಳು, ರೂಪಾಯಿಯಲ್ಲಿ ಗೊತ್ತುಮಾಡಿದ ಮೊತ್ತ, ಘಟಕದ ಗಾತ್ರ, ಜಾಗ ಇವನ್ನು ಗುಣಿಸುತ್ತಾರೆ. ಹೆಚ್ಚು ಮಾಲಿನ್ಯ ಮಾಡುವ 'ಕೆಂಪು' ವರ್ಗದ ಸಣ್ಣ ಘಟಕ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಜಾಗ ಅಂದರೆ 80 × 250 × 0.5 × 1, ದಿನಕ್ಕೆ 10,000 ರೂಪಾಯಿ. ದಿನಕ್ಕೆ 5,000ಕ್ಕಿಂತ ಕಡಿಮೆ ಮಾಡುವಂತಿಲ್ಲ. ಎಷ್ಟು ದಿನ ಎಂಬುದೇ ದೊಡ್ಡ ಜಗಳ. ಕಾರ್ಖಾನೆಯವರು ಸಮಿತಿ ಬಂದ ದಿನದಿಂದ ಅಂದರು. ನಾವು ಸೀಲು ಬಿದ್ದ ಹಳೆಯ ದೂರು, ಅದರ ಮೇಲೆ ನಡೆದ ತಪಾಸಣೆಯ ವರದಿ ಇಟ್ಟೆವು. ಲೆಕ್ಕ ಹಿಂದಕ್ಕೆ ಹೋಯಿತು.

ಜನರ ನಷ್ಟದ ಹಣ ಬೇರೆ. ಅದಕ್ಕೆ ಸರ್ವೆ ಮಾಡಲು ಬಂದವರ ನಮೂನೆಯಲ್ಲಿದ್ದ ಕಾಲಂಗಳು: ಸರ್ವೆ ನಂಬರ್, ಪಹಣಿದಾರರ ಹೆಸರು, ಎಕರೆ-ಗುಂಟೆ, ಬೆಳೆ. ಮುಗಿಯಿತು. ತೋಟದವರ ಹೆಸರೆಲ್ಲ ಬಂತು. ಬೆಂಗಳೂರಿನಲ್ಲಿ ಮನೆ ಮಾಡಿ ವರ್ಷಕ್ಕೊಮ್ಮೆ ಕಾಯಿ ಕೀಳಿಸಲು ಬರುವವರದ್ದೂ ಬಂತು. ಇಷ್ಟು ವರ್ಷ ಆ ನೀರು ಕುಡಿದ ಕಾಲೊನಿಯ ಒಂದು ಹೆಸರೂ ಬರಲಿಲ್ಲ. ಯಾಕೆಂದರೆ ಅವರಿಗೆ ಪಹಣಿ ಇಲ್ಲ. ಕೇಳಿದರೆ 'ಜಮೀನೇ ಇಲ್ಲ ಅಂದ್ಮೇಲೆ ನಷ್ಟ ಎಲ್ಲಿಂದ ಬರುತ್ತೆ?' ಅಂದರು. ಕೇಸು ಹಾಕಿದ್ದೇ ಆ ಹೆಂಗಸರು! ಅವತ್ತಿನಷ್ಟು ಸಿಟ್ಟು ನನಗೆ ಕಾರ್ಖಾನೆಯವರ ಮೇಲೂ ಬಂದಿರಲಿಲ್ಲ.

ಕಾಯ್ದೆ ಹಾಗೆ ಹೇಳುವುದಿಲ್ಲ. ಹಸಿರು ನ್ಯಾಯಮಂಡಳಿ ಕಾಯ್ದೆಯ ಎರಡನೇ ಅನುಸೂಚಿ ತೆಗೆದು ನೋಡಿ. ಯಾವ ಯಾವ ನಷ್ಟಕ್ಕೆ ಪರಿಹಾರ ಕೇಳಬಹುದು ಅಂತ ಪಟ್ಟಿಯೇ ಇದೆ. ಸಾವು, ಅಂಗವೈಕಲ್ಯ, ಕಾಯಿಲೆ, ಅದರಿಂದ ಹೋದ ಕೂಲಿ, ಆಸ್ಪತ್ರೆ ಖರ್ಚು, ಹಾಲು ಕರೆಯುವ ಮತ್ತು ದುಡಿಯುವ ದನಗಳಿಗೆ ಆದ ಹಾನಿ, ವ್ಯಾಪಾರ ಅಥವಾ ಉದ್ಯೋಗದ ನಷ್ಟ. ಬೆಳೆ, ತೋಟ ಅದರಲ್ಲಿ ಒಂದು ಬಾಬ್ತು ಅಷ್ಟೇ. ಈ ಪುಟವನ್ನು ನಾನು ಎಷ್ಟು ಜೆರಾಕ್ಸ್ ತೆಗೆದು ಹಂಚಿದೆನೋ ಲೆಕ್ಕವಿಲ್ಲ. ಸರ್ವೆ ಮಾಡಿದವರು ಬೆಳೆ ಪರಿಹಾರದ ಹಳೆಯ ನಮೂನೆಯನ್ನೇ ಎತ್ತಿಕೊಂಡು ಬಂದಿದ್ದರು, ಕೆಟ್ಟ ಉದ್ದೇಶ ಇತ್ತೋ ಇಲ್ಲವೋ. ಅನುಸೂಚಿಯನ್ನು ಲಗತ್ತಿಸಿ ಆಕ್ಷೇಪಣೆ ಹಾಕಿದೆವು. ಅದು ಕದಲದಿದ್ದಾಗ ಆದೇಶ ಜಾರಿಗೆ ಮತ್ತೆ ನ್ಯಾಯಮಂಡಳಿಗೇ ಅರ್ಜಿ. 25ನೇ ಕಲಮಿನ ಪ್ರಕಾರ ಅದರ ಆದೇಶವನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಹೊಸ ನಮೂನೆಯಲ್ಲಿ ಮನೆ ಮನೆ ಸರ್ವೆ ಮಾಡಿ ಅಂತ ಹೇಳಿಸಿಕೊಳ್ಳುವ ತನಕ ಚಪ್ಪಲಿ ಸವೆದವು.

ಎರಡನೇ ಸರ್ವೆಗೆ ಕಾಗದ ಹೊಂದಿಸುವುದೇ ದೊಡ್ಡ ಕೆಲಸ. ಅಲ್ಲೇ ವಾಸವಿದ್ದೇವೆ ಅನ್ನುವುದಕ್ಕೆ ರೇಷನ್ ಕಾರ್ಡ್, ವೋಟರ್ ಐಡಿ, ಕರೆಂಟ್ ಬಿಲ್, ಮಕ್ಕಳ ಶಾಲೆಯ ದಾಖಲಾತಿ ನಡೆಯಿತು. ಆಸ್ಪತ್ರೆ ಖರ್ಚಿನ ಚೀಟಿಗಳು ಮಾತ್ರ ಯಾರ ಹತ್ತಿರವೂ ಪೂರ್ತಿ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯ ಒಪಿಡಿ ಚೀಟಿಯನ್ನು ಯಾರು ಎತ್ತಿಡುತ್ತಾರೆ, ಅಲ್ವಾ? ಚರ್ಮದ ಹುಣ್ಣಿಗೆ ತೋರಿಸಿದ್ದು, ಹಸು ಕಂದು ಹಾಕಿದ್ದಕ್ಕೆ ಪಶುವೈದ್ಯರು ಬರೆದುಕೊಟ್ಟಿದ್ದು, ಟ್ಯಾಂಕರ್ ನೀರಿಗೆ ಕೊಟ್ಟ ದುಡ್ಡಿನ ಚೀಟಿ, ಎಲ್ಲ ಇವತ್ತಿನಿಂದಲೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಥರ್ಮಲ್ ಪೇಪರಿನ ರಸೀದಿ ಕೆಲವು ತಿಂಗಳಲ್ಲಿ ಅಳಿಸಿಹೋಗುತ್ತದೆ, ತಕ್ಷಣ ಜೆರಾಕ್ಸ್ ಮಾಡಿಸಿ.

ಈ ನಡುವೆ ಊರೊಳಗೆ ಮನಸ್ತಾಪ. ಘಟಕಗಳಿಗೆ ಬೀಗ ಬಿದ್ದ ವಾರವೇ ಕಾಲೊನಿಯ ಹುಡುಗರ ಸಂಬಳ ನಿಂತಿತು. ಅಲ್ಲಿ ಆಮ್ಲದ ತೊಟ್ಟಿಯ ಮುಂದೆ ನಿಲ್ಲುತ್ತಿದ್ದವರೂ ಅವರೇ. 'ನೀರು ಬೇಕು ಅಂತ ಅನ್ನ ಕಳ್ಕೊಂಡ್ವಿ' ಅಂತ ಒಬ್ಬ ಹುಡುಗ ತನ್ನ ಅತ್ತೆಗೇ, ಅಂದರೆ ಅರ್ಜಿದಾರರಲ್ಲಿ ಒಬ್ಬರಿಗೆ, ಎಲ್ಲರೆದುರು ಅಂದ. ಅವರು ಉತ್ತರ ಕೊಡಲಿಲ್ಲ. ಕೇಸು ಹಾಕುವ ಮೊದಲೇ ಈ ಮಾತು ಊರಲ್ಲಿ ಕೂತು ಆಡಿ. ಸರಿಪಡಿಸಿಕೊಂಡ ಘಟಕಗಳು ಮತ್ತೆ ತೆರೆದವು, ಕೆಲವು ತೆರೆಯಲೇ ಇಲ್ಲ. ಶೆಡ್ಡುಗಳಲ್ಲಿ ಬಾಡಿಗೆಗಿದ್ದ ಹೊರಗಿನ ಕಾರ್ಮಿಕರು ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಅವರೂ ಅದೇ ನೀರು ಕುಡಿದವರು. ಯಾವ ಪಟ್ಟಿಯಲ್ಲೂ ಅವರಿಲ್ಲ.

ಬೇರೆ ನೀರು ಅಂದದ್ದಕ್ಕೆ ಮೊದಲು ಬಂದದ್ದು ಶುದ್ಧ ನೀರಿನ ಘಟಕ, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ನೀರು ಹಾಳು ಮಾಡಿದವರು ಒಬ್ಬರು, ನಾಣ್ಯ ಹಾಕಬೇಕಾದವರು ಇನ್ನೊಬ್ಬರು! ಜೊತೆಗೆ ಅದು ತಳ್ಳುವ ರಿಜೆಕ್ಟ್ ನೀರಿನ ಪೈಪನ್ನು ಪಕ್ಕದ ಚರಂಡಿಗೆ ಬಿಟ್ಟಿದ್ದರು. ಸೋಸಿ ತೆಗೆದ ಲೋಹವೆಲ್ಲ ಆ ನೀರಿನಲ್ಲೇ ಇರುತ್ತದೆ, ಮತ್ತೆ ನೆಲಕ್ಕೇ ಇಳಿಯುತ್ತದೆ. ನಿಮ್ಮಲ್ಲೂ ಘಟಕ ಹಾಕಿದರೆ ಮೊದಲು ಆ ಪೈಪು ಎಲ್ಲಿಗೆ ಹೋಗುತ್ತದೆ ನೋಡಿ. ನಮ್ಮಲ್ಲಿ ದೂರಿನ ಮೇಲೆ ಆ ಘಟಕದ ನೀರನ್ನು ಪುಕ್ಕಟೆ ಮಾಡಿದರು. ಆಮೇಲೆ ಹೊರಗಿನಿಂದ ಕೊಳವೆ ನೀರು ಬಂತು. ಈಗ ವಾರದಲ್ಲಿ ಎರಡು ಮೂರು ದಿನ ಬಿಡುತ್ತಾರೆ. ಹಳೆಯ ಬೋರ್‌ವೆಲ್‌ಗೆ ಕೆಂಪು ಬಣ್ಣ ಬಳಿದು 'ಕುಡಿಯಲು ಯೋಗ್ಯವಲ್ಲ' ಅಂತ ಬರೆದಿದ್ದಾರೆ.

ಎರಡನೇ ಪಟ್ಟಿಯವರಿಗೆ ಬಂದ ಹಣ ತೋಟದವರಿಗೆ ಬಂದದ್ದಕ್ಕಿಂತ ಬಹಳ ಕಡಿಮೆ. ಕೆಲವರ ಹೆಸರು ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಒಂದು ಇದ್ದು ಹಣ ವಾಪಸ್ ಹೋಗಿ ಮತ್ತೆ ಬಂತು. ಕೆರೆಯ ಹೂಳು ತೆಗೆಯುವ ವಿಷಯ ಬಾಕಿ ಇದೆ. ಆ ಹೂಳನ್ನು ಗದ್ದೆಗೆ ಹಾಕುವಂತಿಲ್ಲ, ಎಲ್ಲಿ ಸುರಿಯಬೇಕು ಎಂಬುದೇ ಮುಂದಿನ ವಾದ.

ನಿಮ್ಮೂರಲ್ಲಿ ಸರ್ವೆಗೆ ಇನ್ನೂ ಬಂದಿಲ್ಲ ಅಂದರೆ, ಬರುವ ಮೊದಲೇ ನಮೂನೆಯ ಖಾಲಿ ಪ್ರತಿಯನ್ನು ಬರೆದು ಕೇಳಿ ಪಡೆಯಿರಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎರಡನೇ ಅನುಸೂಚಿಯ ಪಕ್ಕದಲ್ಲಿಟ್ಟು ಯಾವ ಕಾಲಂ ಇಲ್ಲ ಅಂತ ಗುರುತು ಮಾಡಿ, ಅವತ್ತೇ ಆಕ್ಷೇಪಣೆ ಕೊಟ್ಟು ಇನ್‌ವರ್ಡ್ ಮಾಡಿಸಿ. ಪಟ್ಟಿ ಪ್ರಕಟವಾದ ಮೇಲೆ ಹೆಸರು ಸೇರಿಸಲು ನಮಗೆ ಹಿಡಿದಷ್ಟು ಕಾಲ ಇಡೀ ಕೇಸಿಗೂ ಹಿಡಿದಿರಲಿಲ್ಲ.